ಒಂದೇ ವಾರದಲ್ಲಿ ಮುಖ ತಿಳಿಯಾಗಿಸಿದ ಟ್ಯೂಬು

ಸಲಹೆ ಕೇಳಿ ನಮ್ಮ ಬಳಿ ಬಂದ ಯುವತಿಯ ವಯಸ್ಸು 24. ಮಾರತಹಳ್ಳಿ ಕಡೆಯ ಪಿಜಿಯಲ್ಲಿ ವಾಸ, ಖಾಸಗಿ ಕಂಪನಿಯಲ್ಲಿ ಕೆಲಸ. (ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.) ನಾಲ್ಕು ತಿಂಗಳಲ್ಲಿ ಮದುವೆ. ಅಷ್ಟರೊಳಗೆ ಮೊಡವೆ ಹೋಗಬೇಕು, ಸಹೋದ್ಯೋಗಿ ನುಂಗಿದ ಐಸೊಟ್ರೆಟಿನೊಯಿನ್ ಮಾತ್ರೆ ತನಗೂ ಬೇಕು ಎಂಬುದು ಆಕೆಯ ಬೇಡಿಕೆ.

ಹಚ್ಚುತ್ತಿರುವುದನ್ನೆಲ್ಲ ತರಲು ಹೇಳಿದ್ದೆವು. ಚೀಲದಲ್ಲಿದ್ದದ್ದು ಸ್ಕ್ರಬ್, ನೊರೆ ಜಾಸ್ತಿ ಬರುವ ಫೇಸ್‌ವಾಶ್, ಕ್ಲಿಂಡಮೈಸಿನ್ ಎಂಬ ಆ್ಯಂಟಿಬಯೋಟಿಕ್ ಜೆಲ್, ಜೊತೆಗೆ ಬಾಲದಿಂದ ಸುರುಳಿ ಸುತ್ತಿ ಕೊನೆವರೆಗೂ ಹಿಂಡಿದ ಒಂದು ಟ್ಯೂಬು. ಅದರ ಮೇಲೆ ಚಿಕ್ಕ ಅಕ್ಷರದಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನೊಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಈ ಮಿಶ್ರಣ ಇರುವುದು ಬಂಗಿಗೆ (ಮುಖದ ಮೇಲಿನ ಕಂದು ಮಚ್ಚೆಗೆ), ಅದೂ ವೈದ್ಯರ ಕಣ್ಗಾವಲಲ್ಲಿ ಕೆಲವು ವಾರಗಳ ಮಟ್ಟಿಗೆ. ಚೀಟಿ ಕೇಳದೆ ಮೆಡಿಕಲ್ ಶಾಪಿನವರು ಕೊಟ್ಟಿದ್ದನ್ನು ಆಕೆ ಎಂಟು ತಿಂಗಳು ಹಚ್ಚಿದ್ದರು.

ಮೊದಲ ವಾರ ಮುಖ ತಿಳಿಯಾದದ್ದು ಸುಳ್ಳಲ್ಲ. ಸ್ಟೀರಾಯ್ಡ್ ಉರಿಯೂತವನ್ನು ಅದುಮುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಣ್ಣ ತೆಳುವಾಗುತ್ತದೆ. ಬಿಟ್ಟ ಕೂಡಲೇ ಎಲ್ಲ ಒಟ್ಟಿಗೆ ತಿರುಗಿಬೀಳುತ್ತದೆ: ಕೆಂಪು, ಉರಿ, ಒಂದೇ ಅಳತೆಯ ಗುಳ್ಳೆಗಳು. ಅದನ್ನು ತಾಳಲಾರದೆ ಮತ್ತೆ ಅದೇ ಟ್ಯೂಬು. ಆಕೆ ಮೊಡವೆ ಎಂದುಕೊಂಡದ್ದರಲ್ಲಿ ಬಹುಪಾಲು ಈ ಚಕ್ರದ ಫಲ. ಬೆಂಗಳೂರಿನ ಬೋರ್‌ವೆಲ್ ನೀರಿನ ಮೇಲೆ ಆಕೆ ಹೊರಿಸಿದ್ದ ದೂರು ಇಲ್ಲಿ ಚಿಲ್ಲರೆ ಮಾತು. ಗಡಸು ನೀರು ಚರ್ಮ ಒಣಗಿಸಬಹುದು, ಇಷ್ಟೆಲ್ಲ ಮಾಡಲಾರದು.

ಮೊದಲ ಸಲಹೆ: ಟ್ಯೂಬಿನ ಸಮೇತ ಚರ್ಮ ವೈದ್ಯರ ಬಳಿ ಹೋಗಿ. ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಬೇಕೋ ಹಂತಹಂತವಾಗಿಯೋ ಎಂಬುದು ಅವರ ತೀರ್ಮಾನ. ಅಲ್ಲಿವರೆಗೆ ಸ್ಕ್ರಬ್ ಬಂದ್, ನೊರೆ ಕಡಿಮೆಯ ಕ್ಲೆನ್ಸರ್ ದಿನಕ್ಕೆ ಎರಡೇ ಸಲ, ಮಾಯಿಶ್ಚರೈಸರ್, ಹಗಲು ಎಸ್‌ಪಿಎಫ್ 30 ಸನ್‌ಸ್ಕ್ರೀನ್. ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ಅದನ್ನು ತುಂಬಿದ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆಯಾದರೂ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಹುಣ್ಣಾಗಬಹುದು. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಉಂಟು.

ಉರಿ ಇಳಿದ ಮೇಲಷ್ಟೇ ಮೊಡವೆಗೆ ಹಚ್ಚುವ ಔಷಧ ಅಡಾಪಲೀನ್ 0.1%. ಹೆಚ್ಚಿನವರು ಎಡವುವುದು ಇಲ್ಲೇ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಕಣ್ಣು, ಮೂಗಿನ ಮೂಲೆ, ತುಟಿ ಬಿಟ್ಟು ತೆಳ್ಳಗೆ ಹಚ್ಚಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ. ಗುಳ್ಳೆಯ ಮೇಲೆ ಮಾತ್ರ ಬೊಟ್ಟಿಟ್ಟರೆ ಉಪಯೋಗವಿಲ್ಲ, ಏಕೆಂದರೆ ಅದು ತಡೆಯುವುದು ಇನ್ನೂ ಕಣ್ಣಿಗೆ ಕಾಣದ, ಮುಚ್ಚಿಕೊಳ್ಳುತ್ತಿರುವ ರಂಧ್ರಗಳನ್ನು. ಸಿಪ್ಪೆ ಏಳುವುದು, ಮೊಡವೆ ತುಸು ಹೆಚ್ಚುವುದು ಮಾಮೂಲು. ಫಲ ಕಾಣಲು 8ರಿಂದ 12 ವಾರ ಬೇಕು, ಬಹಳಷ್ಟು ಜನ ಮೂರನೇ ವಾರವೇ ಕೈಬಿಡುತ್ತಾರೆ. ಕ್ಲಿಂಡಮೈಸಿನ್ ಒಂದನ್ನೇ ಹಚ್ಚುವುದನ್ನು ನಿಲ್ಲಿಸಲು ಹೇಳಿದೆವು, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಇದ್ದರೆ ಸರಿ, ಆದರೆ ಟವೆಲ್, ದಿಂಬಿನ ಕವರ್ ಬಿಳಿಯದೇ ಇರಲಿ. ಬಣ್ಣದ ಬಟ್ಟೆ ಮಚ್ಚೆಮಚ್ಚೆಯಾಗಿ ಬಿಳುಚಿಕೊಳ್ಳುತ್ತದೆ.

ಐಸೊಟ್ರೆಟಿನೊಯಿನ್ ಒಳ್ಳೆಯ ಔಷಧವೇ, ಗಂಟುಕಟ್ಟಿ ಗುಳಿ ಬೀಳಿಸುವ ಮೊಡವೆಗೆ. ಈಕೆಗೆ ಅಂಥದ್ದಿರಲಿಲ್ಲ. ಡಾಕ್ಸಿಸೈಕ್ಲಿನ್ ನಡೆಯುವಾಗ ಅದನ್ನು ಕೊಡುವಂತೆಯೂ ಇಲ್ಲ, ಎರಡೂ ಸೇರಿದರೆ ತಲೆಬುರುಡೆಯೊಳಗೆ ಒತ್ತಡ ಏರುವ ಅಪಾಯವಿದೆ. ಇನ್ನೊಂದು ಮಾತನ್ನು ಬಿಡಿಸಿಯೇ ಹೇಳಬೇಕಾಯಿತು: ಐಸೊಟ್ರೆಟಿನೊಯಿನ್ ನುಂಗುವಾಗಲೂ ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭ ನಿಲ್ಲಲೇಬಾರದು, ಮಗುವಿಗೆ ಗಂಭೀರ ಅಂಗದೋಷ ಬರಬಹುದು. ಮಗುವಿನ ವಿಷಯ ಭಾವಿ ಪತಿಯೊಂದಿಗೆ ಮಾತಾಡಿದ್ದೀರಾ ಎಂದು ಕೇಳಿದೆವು. ಮಾತಾಡಿರಲಿಲ್ಲ. ಮದುವೆಯಾದ ಕೂಡಲೇ ಮಗು ಬೇಕೆಂದಾದರೆ ಅಡಾಪಲೀನ್ ಕೂಡ ಬಿಟ್ಟು, ವೈದ್ಯರನ್ನು ಕೇಳಿ ಅಜೆಲಾಯಿಕ್ ಆಸಿಡ್‌ಗೆ ಹೊರಳಬಹುದು. ಅದು ಗರ್ಭಿಣಿಯರಿಗೂ ನಡೆಯುತ್ತದೆ, ಕಪ್ಪು ಕಲೆಯನ್ನೂ ತಿಳಿಮಾಡುತ್ತದೆ.

ನಾಲ್ಕು ತಿಂಗಳಲ್ಲಿ ಗುಳ್ಳೆ ತಗ್ಗೀತು, ಕಲೆ ಪೂರ್ತಿ ಹೋಗದು ಎಂದು ಸ್ಪಷ್ಟವಾಗಿ ತಿಳಿಸಿದೆವು. ಮದುವೆಗೆ ಮುನ್ನ ಬ್ಲೀಚ್, ಫೇಶಿಯಲ್ ಬೇಡ. ಅಡಾಪಲೀನ್ ಹಚ್ಚುವ ಮುಖಕ್ಕೆ ವ್ಯಾಕ್ಸಿಂಗ್ ಮಾಡಿದರೆ ಚರ್ಮವೇ ಕಿತ್ತುಬರಬಹುದು. ಅರಿಶಿನ ಶಾಸ್ತ್ರದ ದಿನ ಎಣ್ಣೆ ಕಲಸಿದ ಅರಿಶಿನವನ್ನು ಕೆನ್ನೆಗೆ ಮುಟ್ಟಿಸಿದರೆ ಸಾಕು, ತಿಕ್ಕಬಾರದು ಎಂದು ಅತ್ತೆ, ದೊಡ್ಡಮ್ಮಂದಿರಿಗೆ ಮೊದಲೇ ಹೇಳಿಡುವ ಹೊಣೆ ಆಕೆಯ ತಾಯಿಯದು.