ಬಾಯಲ್ಲಿರುವ ಕಥೆ ಕಾಗದಕ್ಕೆ ಯಾಕೆ ಇಳಿಯುತ್ತಿಲ್ಲ?

ನಿಮ್ಮ ಪತ್ರ ಓದಿದೆ. ಮಗನಿಗೆ ಒಂಬತ್ತು ವರ್ಷ, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೀರಿ. ನಿದ್ದೆ ಬಾರದ ಮೊಸಳೆಯ ಕಥೆಯನ್ನು ಅರ್ಧ ಗಂಟೆ ನಿಲ್ಲಿಸದೆ ಹೇಳುತ್ತಾನೆ, ಬರೆಯೋ ಅಂದರೆ ಎರಡೇ ಸಾಲಿಗೆ ಪೆನ್ಸಿಲ್ ಎಸೆದು ಅಳುತ್ತಾನೆ. ಬರವಣಿಗೆ ಕಲಿಸೋಕೆ ಈಗಾಗಲೇ ಮೂರು ಪಠ್ಯಕ್ರಮ ಕೊಂಡಿದ್ದೀರಿ: ಒಂದು ವ್ಯಾಕರಣದ್ದು, ಒಂದು ಒಳ್ಳೆಯ ಬರಹ ತೋರಿಸಿ ಅದರಂತೆ ಬರೆಸುವುದು, ಇನ್ನೊಂದು 'ಮನಸ್ಸಿಗೆ ಬಂದದ್ದನ್ನು ಬರಿ' ಅನ್ನುವುದು. ನಾಲ್ಕನೆಯದಾಗಿ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

ಸದ್ಯಕ್ಕೆ ಯಾವುದೂ ಬೇಡ. ಅವನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ ಅಂತ ಮೊದಲು ನೋಡೋಣ.

ಬರೆಯುವುದು ಅಂತ ನಾವು ಸುಮ್ನೆ ಒಂದೇ ಹೆಸರಲ್ಲಿ ಕರೆಯುತ್ತೇವೆ, ಅದರೊಳಗೆ ಎರಡು ಕೆಲಸ ಇವೆ. ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಅಂತ ಯೋಚಿಸುವುದು ಒಂದು. ಅದನ್ನು ಕೈಯಿಂದ ಅಕ್ಷರಕ್ಕೆ ಇಳಿಸುವುದು ಇನ್ನೊಂದು. ದೊಡ್ಡವರಿಗೆ ಎರಡನೆಯದು ತಾನಾಗಿ ನಡೆಯುತ್ತದೆ, ಹಾಗಾಗಿ ಅದೂ ಒಂದು ಕೆಲಸ ಅಂತ ಗೊತ್ತೇ ಆಗುವುದಿಲ್ಲ. ಮಗುವಿಗೆ ಹಾಗಲ್ಲ. 'ನಿದ್ದೆ'ಯ ಒತ್ತು ಎಲ್ಲಿ ಹಾಕಲಿ, 'ಮೊಸಳೆ'ಗೆ ಲ ನಾ ಳ ನಾ, ಎರಡು ಪದಗಳ ನಡುವೆ ಜಾಗ ಬಿಟ್ಟೆನಾ ಅಂತ ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ಮೊಸಳೆ ನದಿಗಿಳಿದು ಹೋಗಿರುತ್ತದೆ. ಅಳು ಬರದೆ ಇನ್ನೇನು?

ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ದಿನ ಅವನು ಕಥೆ ಹೇಳಲಿ, ನೀವು ಬರೆದುಕೊಳ್ಳಿ, ಅವನ ಮಾತನ್ನು ತಿದ್ದದೆ. ಮರುದಿನ ಅದರಲ್ಲೇ ಮೂರು ವಾಕ್ಯ ತೆಗೆದು ನಿಧಾನವಾಗಿ ಉಕ್ತಲೇಖನ ಕೊಡಿ. ಹೇಳಿದ ಕಥೆ ಚೆನ್ನಾಗಿದ್ದು ಉಕ್ತಲೇಖನದಲ್ಲಿ ಒದ್ದಾಡಿದರೆ ತೊಂದರೆ ಕೈಯಲ್ಲಿ, ಕಾಗುಣಿತದಲ್ಲಿ. ನಿಮ್ಮ ಪತ್ರ ನೋಡಿದರೆ ನನಗೆ ಇದೇ ಅನ್ನಿಸುತ್ತದೆ. ಹಾಗಿದ್ದರೆ ದಿನಕ್ಕೆ ಹತ್ತು ನಿಮಿಷ ನೋಡಿ ಬರೆಯುವುದು, ಉಕ್ತಲೇಖನ, ಅಷ್ಟು ಸಾಕು. ಕಥೆ ಮಾತ್ರ ಬಾಯಲ್ಲೇ ಮುಂದುವರಿಯಲಿ. ಇದು ನಾನು ಕಂಡುಹಿಡಿದದ್ದೇನಲ್ಲ. ಷಾರ್ಲೆಟ್ ಮೇಸನ್ ಅಂತ ಒಬ್ಬ ಬ್ರಿಟಿಷ್ ಶಿಕ್ಷಕಿ (1842–1923), ಒಂಬತ್ತರೊಳಗಿನ ಮಕ್ಕಳಿಗೆ ಪ್ರಬಂಧ ಬರೆಸುವ ಬದಲು, ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಿಸಿ ಅಂದಿದ್ದರು. ಮನೆಶಾಲೆಯ ಎಷ್ಟೋ ಪಠ್ಯಕ್ರಮಗಳು ಇವತ್ತಿಗೂ ಅವರ ದಾರಿಯಲ್ಲೇ ನಡೆಯುತ್ತಿವೆ.

ಇಷ್ಟು ಅಭ್ಯಾಸ ಮಾಡಿಸಿದ ಮೇಲೂ ಕೈ ನೋಯುತ್ತದೆ ಅಂದರೆ, ಅಕ್ಷರ ಕೂಡಿಬರದೇ ಇದ್ದರೆ, ತಿಳಿದವರಿಗೆ ತೋರಿಸಿ. ಡಿಸ್‌ಗ್ರಾಫಿಯಾ, ಅಂದರೆ ಕೈಯಿಂದ ಬರೆಯುವುದೇ ಕಷ್ಟವಾಗುವ ಕಲಿಕೆಯ ತೊಂದರೆ, ಇದ್ದರೆ ಬರೀ ಪಠ್ಯಕ್ರಮ ಬದಲಿಸಿದರೆ ಸಾಲದು.

ಈಗ ನಿಮ್ಮ ಕಪಾಟಿನಲ್ಲಿರುವ ಮೂರರ ವಿಷಯ. ವ್ಯಾಕರಣದ ಪುಸ್ತಕದಿಂದ ಬರವಣಿಗೆ ಬರುತ್ತದೆ ಅಂತ ಕಾಯಬೇಡಿ. 2007ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳ ಮೇಲೆ ನಡೆದ ಹಳೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವ್ಯಾಕರಣವನ್ನೇ ಬೇರೆಯಾಗಿ ಕಲಿಸಿದ್ದರಿಂದ ಬರಹ ಸುಧಾರಿಸಿದ್ದು ಕಾಣಲಿಲ್ಲ. ಹೇಗೆ ಯೋಜಿಸಬೇಕು, ಹೇಗೆ ತಿದ್ದಬೇಕು ಅಂತ ಹೆಜ್ಜೆಹೆಜ್ಜೆಯಾಗಿ ತೋರಿಸಿಕೊಟ್ಟದ್ದು ತುಂಬಾ ಕೆಲಸ ಮಾಡಿತ್ತು. ವಾಕ್ಯ ಜೋಡಿಸುವ ಅಭ್ಯಾಸವೂ ಅಷ್ಟಿಷ್ಟು ಫಲ ಕೊಟ್ಟಿತ್ತು. ಅದನ್ನು ನೀವೇ ಮಾಡಿಸಬಹುದು. 'ಬೆಕ್ಕು ಮೇಜು ಹತ್ತಿತು. ಲೋಟ ಬಿತ್ತು. ನೀರು ಚೆಲ್ಲಿತು.' ಮೂರನ್ನೂ ಒಂದು ಮಾಡು ಅನ್ನಿ. 'ಬೆಕ್ಕು ಮೇಜು ಹತ್ತಿದ್ದಕ್ಕೆ ಲೋಟ ಬಿದ್ದು ನೀರು ಚೆಲ್ಲಿತು' ಅನ್ನುತ್ತಾನೆ. ಆಮೇಲೆ ಚೆಲ್ಲಿದ ನೀರಿನಿಂದ ಶುರು ಮಾಡಿ ಇನ್ನೊಂದು ಥರ ಹೇಳು ಅನ್ನಿ. ವ್ಯಾಕರಣದ ಹೆಸರೆತ್ತದೆ ವ್ಯಾಕರಣ ಆಯಿತು ಅಲ್ವಾ?

ಎರಡನೆಯದು, ನೋಡಿ ಅದರಂತೆ ಬರೆಸುವುದು, ನನ್ನ ಮೆಚ್ಚಿನದು. ಅಮೆರಿಕದ ಮುತ್ಸದ್ದಿ, ಲೇಖಕ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಬರವಣಿಗೆ ಕಲಿತದ್ದೇ ಹೀಗೆ. ಇಷ್ಟವಾದ ಪ್ರಬಂಧ ಓದಿ, ವಾಕ್ಯಕ್ಕೊಂದು ಸಣ್ಣ ಸುಳಿವು ಗುರುತು ಹಾಕಿಕೊಂಡು, ಕೆಲವು ದಿನ ಪಕ್ಕಕ್ಕಿಡುತ್ತಿದ್ದ. ಆಮೇಲೆ ಸುಳಿವು ನೋಡಿ ಪೂರ್ತಿ ಬರೆದು, ಮೂಲದ ಜೊತೆ ಹೋಲಿಸಿ ತಾನೇ ತಿದ್ದಿಕೊಳ್ಳುತ್ತಿದ್ದ. ಕೆಲವೊಮ್ಮೆ ಸುಳಿವುಗಳನ್ನೇ ಕಲಸಿಬಿಟ್ಟು, ಸರಿಯಾದ ಕ್ರಮ ಹುಡುಕುತ್ತಿದ್ದ. ನಿಮ್ಮ ಮಗನಿಗೆ ಇದು ಈಗಲೇ ಜಾಸ್ತಿಯಾದೀತು. ಕೈ ಸ್ವಲ್ಪ ಹರಿದ ಮೇಲೆ, ಒಂದೆರಡು ವರ್ಷ ಬಿಟ್ಟು, ಚಿಕ್ಕ ಕಥೆಗಳಿಂದ ಶುರು ಮಾಡಿ. ಆ ಪುಸ್ತಕ ಮಾರಬೇಡಿ.

'ಮನಸ್ಸಿಗೆ ಬಂದದ್ದನ್ನು ಬರಿ' ಅನ್ನುವುದು ಬರೆಯೋಕೆ ಬರುವ ಮಗುವಿಗೆ ಹಬ್ಬ, ಬಾರದ ಮಗುವಿಗೆ ಖಾಲಿ ಹಾಳೆ.

ನಮ್ಮ ಕಚೇರಿಯಲ್ಲೂ ಇದೇ ಕಥೆ, ಗೊತ್ತಾ? ಬಿಗಿದುಕೊಂಡ ಲೇಖನ ಬರುತ್ತದೆ, ಬರೆದವರಿಗೆ ಫೋನ್ ಮಾಡಿ 'ನೀವು ಹೇಳಬೇಕೂಂತ ಇದ್ದದ್ದು ಏನು?' ಅಂದರೆ ಮೂರೇ ಮಾತಲ್ಲಿ ಸೊಗಸಾಗಿ ಹೇಳುತ್ತಾರೆ. ಅದನ್ನೇ ಬರೆದು ಕಳಿಸಿ ಅನ್ನುತ್ತೇನೆ. ಐವತ್ತು ವರ್ಷದವರ ಪಾಡೇ ಹೀಗಿರುವಾಗ ಒಂಬತ್ತು ವರ್ಷದವನನ್ನು ಯಾಕೆ ಬೈಯುವುದು!

ತಿದ್ದುವಾಗ ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ಈ ವಾರ ದೀರ್ಘ ಅಂದರೆ ದೀರ್ಘ ಮಾತ್ರ, ಮಿಕ್ಕದ್ದು ಕಂಡರೂ ಕಾಣದ ಹಾಗೆ ಇದ್ದುಬಿಡಿ. ಇವತ್ತಿನ ಒಂದು ಹಾಳೆಗೆ ತಾರೀಕು ಹಾಕಿ ಎತ್ತಿಡಿ, ಮೂರು ತಿಂಗಳಾದ ಮೇಲೆ ಹೊಸದರ ಪಕ್ಕ ಇಟ್ಟು ನೋಡಿ. ಆಗಲೂ ಏನೂ ಬದಲಾಗದಿದ್ದರೆ ನಾಲ್ಕನೆಯದರ ಬಗ್ಗೆ ಬರೆಯಿರಿ, ಕೂತು ಯೋಚಿಸೋಣ.

ಅಂದ ಹಾಗೆ ಆ ಮೊಸಳೆಗೆ ಕೊನೆಗೆ ನಿದ್ದೆ ಬಂತಾ? ನೀವು ಪತ್ರದಲ್ಲಿ ಅರ್ಧಕ್ಕೇ ಬಿಟ್ಟಿದ್ದೀರಿ. ಅವನು ಹೇಳಲಿ, ನೀವು ಬರೆದು ಕಳಿಸಿ.