ಗೋಕರ್ಣವಾ ಬೇಕಲವಾ? ಅಮ್ಮ ಮೊದಲ ಸಲ ಕಡಲು ನೋಡುದಾದ್ರೆ ನಾನು ಹೇಳುದು ಇಷ್ಟು

ನಿಮ್ಮ ಪ್ರಶ್ನೆ ಓದಿದೆ. ಡಿಸೆಂಬರ್ ಕೊನೆಗೆ ನಾಲ್ಕು ದಿನ ರಜೆ, ಬೆಂಗಳೂರಿಂದ ಹೊರಡುದು, ಜೊತೆಗೆ ಹೆಂಡತಿ, ಆರು ವರ್ಷದ ಮಗಳು, ಮತ್ತೆ ಶಿರಾ ಕಡೆಯ ನಿಮ್ಮ ಅಮ್ಮ. ಅವರಿಗೆ ಮಂಡಿ ನೋವು, ಇಷ್ಟು ವರ್ಷ ಆದ್ರೂ ಸಮುದ್ರ ನೋಡಿಯೇ ಇಲ್ಲ. ಗೋಕರ್ಣವಾ ಬೇಕಲವಾ, ಕೇರಳಕ್ಕೆ ಬಂದ್ರೆ ಭಾಷೆ ಕಷ್ಟ ಆಗ್ತದಾ ಅಂತ ಕೇಳಿದ್ದೀರಿ. ನಾನು ಬೇಕಲ ಇರುವ ಕಾಸರಗೋಡು ಜಿಲ್ಲೆಯವನೇ, ಕುಂಬಳೆ ಹತ್ತಿರದವ, ಅಕ್ಕನನ್ನು ಕೊಟ್ಟದ್ದು ಕುಮಟಾಕ್ಕೆ, ಹಾಗಾಗಿ ಬೇಕಲ ನಮ್ಮ ಮನೆ ಅಂಗಳದ ಹಾಗೆ, ಗೋಕರ್ಣಕ್ಕೂ ವರ್ಷಕ್ಕೊಮ್ಮೆ ಆದ್ರೂ ಹೋಗಿಯೇ ಹೋಗ್ತೇವೆ.

ಮೊದಲು ಒಂದು ಮಾತು. ಎರಡರಲ್ಲಿ ಕಡಲು ಯಾವುದು ಚಂದ ಅಂತ ಬರೀ ಅಷ್ಟೇ ಕೇಳಿದ್ರೆ ಗೋಕರ್ಣದ್ದೇ ಚಂದ. ನಮ್ಮ ಊರಿನ ಮೇಲೆ ಎಷ್ಟು ಅಭಿಮಾನ ಇದ್ರೂ ಇದನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿ ಗುಡ್ಡ ಸೀದಾ ನೀರಿಗೆ ಇಳಿದು ಬರ್ತದೆ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಒಂದೊಂದು ಗುಡ್ಡದ ಮಗ್ಗುಲಲ್ಲಿ ಒಂದೊಂದು ಬೀಚ್ ಅಡಗಿ ಕೂತಿದೆ, ಓಂ ಬೀಚನ್ನು ಮೇಲಿಂದ ನೋಡಿದ್ರೆ ನಿಜಕ್ಕೂ ಓಂ ಬರೆದ ಹಾಗೆಯೇ ಕಾಣ್ತದೆ. ಆದ್ರೆ ಆ ಚಂದ ಎಲ್ಲ ಕಾಲಿನ ಮೇಲೆ ನಿಂತಿರುದು. ಓಂ ಬೀಚಿಗೆ ಗಾಡಿ ನಿಲ್ಲಿಸುವಲ್ಲಿಂದ ಮೆಟ್ಟಿಲು ಇಳಿಬೇಕು, ವಾಪಸ್ ಬರುವಾಗ ಅಷ್ಟನ್ನೂ ಹತ್ತಬೇಕು. ಹಾಫ್ ಮೂನಿಗೂ ಪ್ಯಾರಡೈಸಿಗೂ ಗಾಡಿ ರಸ್ತೆಯೇ ಇಲ್ಲ, ಬಂಡೆ ಮೇಲೆ, ಕಾಡಿನ ಕಾಲುದಾರಿಯಲ್ಲಿ ನಡಿಬೇಕು, ಇಲ್ಲದಿದ್ರೆ ದೋಣಿ.

2019ರಲ್ಲಿ ನಾವು ನಮ್ಮ ಅಮ್ಮನನ್ನು ಕರ್ಕೊಂಡು ಹೋಗಿದ್ದೆವು. ಅಮ್ಮನಿಗೂ ಮಂಡಿಯದ್ದೇ ತೊಂದರೆ. ದೇವಸ್ಥಾನ ಆಯ್ತು, ದರ್ಶನ ಚೆನ್ನಾಗಿ ಆಯ್ತು, ಮಧ್ಯಾಹ್ನ ಮೇಲೆ ಓಂ ಬೀಚಿಗೆ ಹೋದೆವು. ನಾಲ್ಕೈದು ಮೆಟ್ಟಿಲು ಇಳಿದು ಅಮ್ಮ ನಿಂತರು, ನೀವು ಹೋಗಿ ಬನ್ನಿ ಮಕ್ಕಳೇ, ನಾನು ಇಲ್ಲೇ ಕೂತ್ಕೊಳ್ತೇನೆ, ಇಲ್ಲಿಂದಲೇ ಕಾಣ್ತದಲ್ಲ ಅಂದ್ರು. ನಾವು ಹೋದೆವು, ಮಕ್ಕಳು ನೀರಿಗೆ ಇಳಿದ ಮೇಲೆ ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ, ಒಂದೂವರೆ ಗಂಟೆ ಬಿಟ್ಟು ಹತ್ತಿ ಬಂದಾಗ ಅಮ್ಮ ಅದೇ ಮೆಟ್ಟಿಲಲ್ಲಿ ನಮ್ಮೆಲ್ಲರ ಚಪ್ಪಲಿ ಸಾಲಾಗಿ ಜೋಡಿಸಿಟ್ಟುಕೊಂಡು ಕೂತಿದ್ದರು. ಒಂದು ಮಾತೂ ಬೇಸರ ಹೇಳ್ಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಮನಸ್ಸಿಂದ ಹೋಗಿಲ್ಲ, ನಿಮ್ಮ ಪ್ರಶ್ನೆ ಓದಿದ ಕೂಡ್ಲೇ ಕಣ್ಣ ಮುಂದೆ ಬಂದದ್ದು ಅದೇ. ಇಷ್ಟುದ್ದ ಬರಿಲಿಕ್ಕೆ ಕೂತದ್ದೂ ಅದಕ್ಕೇ.

ದೇವಸ್ಥಾನದ ಹತ್ತಿರದ ಮೇನ್ ಬೀಚ್ ಸಮತಟ್ಟು ಉಂಟಲ್ಲ ಅಂತ ಯಾರಾದ್ರೂ ಹೇಳಬಹುದು. ಹೌದು, ಅಲ್ಲಿಗೆ ಅಮ್ಮ ನಡೀಬಹುದು. ಆದ್ರೆ ಡಿಸೆಂಬರ್ ಕೊನೆಯ ವಾರ ಅಲ್ಲಿ ಜನವೋ ಜನ, ಹೊಸ ವರ್ಷಕ್ಕೆ ಬಂದವರು, ಶಾಲೆ ಪ್ರವಾಸದ ಬಸ್ಸುಗಳು, ಯಾತ್ರೆಯವರು ಎಲ್ಲ ಒಂದೇ ಕಡೆ. ಜೀವನದಲ್ಲಿ ಮೊದಲ ಸಲ ಕಡಲು ನೋಡುವವರು ಆ ನೂಕುನುಗ್ಗಲಲ್ಲಿ ನೋಡುದು ಬೇಡ ಅಂತ ನನಗೆ ಅನಿಸ್ತದೆ.

ಬೇಕಲದಲ್ಲಿ ಕೋಟೆಯ ಪಕ್ಕದಲ್ಲೇ ಪಳ್ಳಿಕೆರೆ ಬೀಚ್, ನೆಲ ಮಟ್ಟಸ, ಮೆಟ್ಟಿಲು ಗುಡ್ಡ ಎಂತದ್ದೂ ಇಲ್ಲ, ಉದ್ದಕ್ಕೆ ಮರಳು. ಅಮ್ಮ ನಿಮ್ಮ ಕೈ ಹಿಡ್ಕೊಂಡು ನಿಧಾನ ನಡ್ಕೊಂಡು ಹೋಗಿ ನೀರಿಗೆ ಕಾಲು ಮುಟ್ಟಿಸಬಹುದು. ಅಷ್ಟೇ ಬೇಕಾದ್ದು. ಈಜುದು ಮಾತ್ರ ಬೇಡ, ಡಿಸೆಂಬರಲ್ಲಿ ಕಡಲು ಶಾಂತ ಕಂಡ್ರೂ ಮಗಳ ಕೈ ಬಿಡಬೇಡಿ, ಮೊಣಕಾಲಿಗಿಂತ ಮೇಲೆ ನೀರು ಬರುವಲ್ಲಿಗೆ ಹೋಗಬೇಡಿ.

ಕೋಟೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಯಾಕಂದ್ರೆ ಬೆಂಗಳೂರಿನವರು ಇದನ್ನು ಕೇರಳದ ಒಂದು ಫೋಟೋ ಜಾಗ ಅಂತಲೇ ತಿಳ್ಕೊಂಡಿದ್ದಾರೆ. ಇದು ಕೇರಳದ ಅತಿ ದೊಡ್ಡ ಕೋಟೆ, ಸುಮಾರು 40 ಎಕರೆ, ಆದ್ರೆ ಕಟ್ಟಿಸಿದ್ದು ನಮ್ಮ ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಶಿವಮೊಗ್ಗ ಕಡೆಯ ಅರಸರು ಘಟ್ಟ ಇಳಿದು ಇಲ್ಲಿವರೆಗೆ ಕೋಟೆ ಕಟ್ಟಿದ್ರು. ಚಂದ್ರಗಿರಿ ಹೊಳೆ ಬದಿಯಲ್ಲಿ ಒಂದುಂಟು, ಕಾಞಂಗಾಡಿನ ಹಳೆ ಹೆಸರು ಹೊಸದುರ್ಗ, ಆ ಹೆಸರೇ ಕನ್ನಡ ಅಲ್ವಾ. ಆಮೇಲೆ ಹೈದರಾಲಿ, ಟಿಪ್ಪು, ಕಂಪೆನಿ ಸರಕಾರ ಎಲ್ಲ ಬಂತು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಊರು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯ್ತು. ಇದೆಲ್ಲ ಮಗಳಿಗೆ ಕತೆ ಮಾಡಿ ಹೇಳಿ, ಶಾಲೆ ಪುಸ್ತಕದಲ್ಲಿ ಕೆಳದಿ ಬಂದಾಗ ಅವಳಿಗೆ ಈ ಮುರಕಲ್ಲಿನ ಗೋಡೆ ನೆನಪಾಗಬೇಕು. ಒಳಗೆ ನಡುವಲ್ಲಿ ಒಂದು ವೀಕ್ಷಣಾ ಬುರುಜು ಉಂಟು, ಹತ್ತುವ ದಾರಿ ಅಗಲ, ನಮ್ಮ ಅಮ್ಮ ಎರಡು ಸಲ ನಿಂತು ಸುಧಾರಿಸಿಕೊಂಡು ತಾನೇ ಹತ್ತಿದ್ರು. ಗೋಕರ್ಣದ ಮರು ವರ್ಷ ಅದು. ಮೇಲೆ ನಿಂತು ಮೂರು ಕಡೆ ನೀರು ನೋಡಿ, ಅಬ್ಬ, ಇಷ್ಟು ಉಂಟಾ ಅಂದ್ರು. ಹುಟ್ಟಿದಲ್ಲಿಂದ ಕಡಲ ಹತ್ತಿರವೇ ಇದ್ದವರು ಹಾಗೆ ಹೇಳಿದ್ದು, ಶಿರಾದವರಿಗೆ ಹೇಗೆ ಕಾಣಬಹುದು ಯೋಚನೆ ಮಾಡಿ. ಒಂದು ವಿಷಯ ಮರಿಬೇಡಿ, ಕೋಟೆಯೊಳಗೆ ನೆರಳು ತುಂಬಾ ಕಮ್ಮಿ, ಮಧ್ಯಾಹ್ನ ಹೋದ್ರೆ ಯಾರಿಗೂ ಸುಖ ಇಲ್ಲ. ಬೆಳಿಗ್ಗೆ ತೆರೆದ ಕೂಡ್ಲೇ ಹೋಗಿ, ಇಲ್ಲ ನಾಲ್ಕು ಗಂಟೆ ಮೇಲೆ. ಸೂರ್ಯ ಮುಳುಗುವ ಹೊತ್ತಿಗೆ ಹೊರಗೆ ಕಳಿಸ್ತಾರೆ, ಹಾಗಾಗಿ ಸೂರ್ಯಾಸ್ತಕ್ಕೆ ಬೀಚಿಗೆ ಇಳಿಯುದು ಒಳ್ಳೆದು.

ಭಾಷೆ ಬಗ್ಗೆ ಹೆದರಬೇಡಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡು ಪೇಟೆ, ಇಲ್ಲೆಲ್ಲ ಕನ್ನಡ ತುಳು ನಡೀತದೆ, ಕನ್ನಡ ಮೀಡಿಯಂ ಶಾಲೆಗಳು ಉಂಟು, ಅಂಗಡಿಯವರ ಹತ್ರ ಕನ್ನಡದಲ್ಲೇ ಕೇಳಿ, ಕೇಳಿದ್ರೆ ನಮಗೆ ಖುಷಿ, ನಿಜವಾಗಿ ಹೇಳ್ತಿದ್ದೇನೆ, ಬೋರ್ಡು ಮಲಯಾಳದಲ್ಲಿ ಕಂಡು ಇಂಗ್ಲಿಷಲ್ಲೋ ಹಿಂದಿಯಲ್ಲೋ ಶುರು ಮಾಡಿಬಿಟ್ರೆ ನಮಗೆ ಒಳಗೊಳಗೆ ನೋವಾಗ್ತದೆ. ಚಂದ್ರಗಿರಿ ಸೇತುವೆ ದಾಟಿದ ಮೇಲೆ ಮಲಯಾಳವೇ ಜಾಸ್ತಿ, ಬೇಕಲ ಇರುದು ಆ ಕಡೆ, ಆದ್ರೂ ಪ್ರವಾಸಿಗರ ಜಾಗ ಆದ್ದರಿಂದ ಕಷ್ಟ ಆಗುದಿಲ್ಲ.

ಬೆಂಗಳೂರು–ಕಣ್ಣೂರು ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಕಾಸರಗೋಡಲ್ಲಿ ಇಳೀಬಹುದು. ಮೊದಲ ದಿನ ಬೇಕಲಕ್ಕೆ ಓಡಬೇಡಿ. ಪೇಟೆಯಲ್ಲಿ ರೂಮು ಮಾಡಿ, ಮಿಂದು, ಮಧೂರಿಗೆ ಹೋಗಿ, ಎಂಟೇ ಕಿಲೋಮೀಟರ್. ಮೂಲ ದೇವರು ಈಶ್ವರ, ಆದ್ರೆ ಹೆಸರಾದದ್ದು ಗಣಪತಿ. ಗರ್ಭಗುಡಿಯ ಗೋಡೆಯಲ್ಲಿ ಒಬ್ಬ ಹುಡುಗ ಆಡ್ತಾ ಆಡ್ತಾ ಬಿಡಿಸಿದ ಗಣಪತಿ ಬೆಳೀತಾ ಬೆಳೀತಾ ಹೋದ ಅಂತ ಸ್ಥಳಪುರಾಣ, ಆರು ವರ್ಷದವಳಿಗೆ ಇದಕ್ಕಿಂತ ಒಳ್ಳೆ ಕತೆ ಬೇರೆ ಬೇಕಾ. ಅಲ್ಲಿಯ ಅಪ್ಪ ಪ್ರಸಾದ ಬಿಡಬೇಡಿ. ಗಂಡಸರು ಅಂಗಿ ತೆಗಿಬೇಕು, ಅದು ಗೋಕರ್ಣದಲ್ಲೂ ಹಾಗೆಯೇ. ಸಂಜೆಗೆ ಅನಂತಪುರ, ಕೆರೆಯ ನಡುವೆ ಇರುವ ದೇವಸ್ಥಾನ, ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅಂತ ನಂಬಿಕೆ. ಅಲ್ಲಿ ಬಬಿಯಾ ಅಂತ ಮೊಸಳೆ ಇತ್ತು, ನೈವೇದ್ಯದ ಅನ್ನ ತಿಂದುಕೊಂಡು ಬದುಕಿತ್ತು ಅಂತ ಇಡೀ ಊರಿಗೆ ಪ್ರೀತಿ, 2022ರ ಅಕ್ಟೋಬರಲ್ಲಿ ಅದು ಹೋದಾಗ ಮನೆಯವರು ತೀರಿಕೊಂಡ ಹಾಗೆ ಜನ ಬಂದು ಸೇರಿದ್ರು. ಮರು ವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಾಣ್ಲಿಕ್ಕೆ ಸಿಕ್ಕಿದ್ರೆ ಅದೃಷ್ಟ.

ಎರಡನೇ ದಿನ ಬೇಕಲಕ್ಕೆ, ಹದಿನಾರು ಕಿಲೋಮೀಟರ್. ಟ್ಯಾಕ್ಸಿಯವರಿಗೆ ಹೈವೇ ಬೇಡ, ಚಂದ್ರಗಿರಿ ಸೇತುವೆ ರಸ್ತೆಯಲ್ಲೇ ಹೋಗಿ ಅಂತ ಹೇಳಿ, ಹೊಳೆ ಕಡಲಿಗೆ ಸೇರುವ ಕಡೆ ಸೇತುವೆ ಮೇಲಿಂದ ಕಾಣ್ತದೆ. ಎರಡು ರಾತ್ರಿ ಅಲ್ಲೇ ಉಳೀರಿ. ಮೂರನೇ ದಿನ ನೀಲೇಶ್ವರ ಹತ್ತಿರದ ಕೋಟಪ್ಪುರದಿಂದ ವಲಿಯಪರಂಬ ಹಿನ್ನೀರಿನಲ್ಲಿ ಹೌಸ್‌ಬೋಟ್ ಸಿಗ್ತದೆ, ರಾತ್ರಿ ಉಳಿಯುದು ಬೇಡ, ಹಗಲಿನ ಟ್ರಿಪ್ ಸಾಕು, ಅಮ್ಮ ಕುರ್ಚಿಯಲ್ಲಿ ಕೂತೇ ಎಲ್ಲ ನೋಡಬಹುದು. ಬರುವಾಗ ಕಾಞಂಗಾಡಿನ ಆನಂದಾಶ್ರಮ, 1931ರಲ್ಲಿ ಸ್ವಾಮಿ ರಾಮದಾಸರು ಶುರು ಮಾಡಿದ್ದು, ರಾಮನಾಮ ಬಿಟ್ರೆ ಬೇರೆ ಸದ್ದಿಲ್ಲ. ಡಿಸೆಂಬರ್ ತೆಯ್ಯಂ ಸಮಯವೂ ಹೌದು, ನಮ್ಮ ಭೂತಕೋಲದ ಹಾಗೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ ಅದು, ಎಲ್ಲಿ ಯಾವತ್ತು ಅಂತ ರೂಮಿನವರನ್ನೇ ಕೇಳಿ, ಆದ್ರೆ ಅದು ಶೋ ಅಲ್ಲ, ದೈವ. ದೂರ ನಿಂತು ಕೈ ಮುಗೀರಿ, ಫ್ಲಾಶ್ ಹಾಕಬೇಡಿ, ಮಗಳು ಹೆದರಿದ್ರೆ ವಾಪಸ್ ಬನ್ನಿ.

ಇನ್ನೊಂದು ಎಚ್ಚರ. 2022, 2023ರಲ್ಲಿ ಡಿಸೆಂಬರ್ ಕೊನೆಗೆ ಪಳ್ಳಿಕೆರೆಯಲ್ಲಿ ದೊಡ್ಡ ಬೀಚ್ ಉತ್ಸವ ಆಗಿತ್ತು, ಸಂಜೆ ರಸ್ತೆಯಲ್ಲಿ ಗಾಡಿ ಅಲ್ಲಾಡ್ಲಿಕ್ಕಿಲ್ಲ. ನಿಮ್ಮ ತಾರೀಕಿಗೆ ಉತ್ಸವ ಇದ್ರೆ ಅಮ್ಮನನ್ನು ಬೀಚಿಗೆ ಬೆಳಿಗ್ಗೆ ಆರೂವರೆಗೆ ಕರ್ಕೊಂಡು ಹೋಗಿ. ಆಗ ದೋಣಿಯವರು ಮತ್ತೆ ನಾಯಿಗಳು ಬಿಟ್ರೆ ಯಾರೂ ಇರುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಕಾರಣಕ್ಕೆ ಮಾತ್ರ ಗೋಕರ್ಣ ಆರಿಸಿ. ಅಮ್ಮನಿಗೆ ಮಹಾಬಲೇಶ್ವರನ ಆತ್ಮಲಿಂಗ ನೋಡ್ಬೇಕು ಅಂತ ಮನಸ್ಸಲ್ಲಿ ಉಂಟಾ ಅಂತ ಕೇಳಿ, ಕೆಲವರು ಆಸೆಯನ್ನು ಬಾಯಿಬಿಟ್ಟು ಹೇಳುದೇ ಇಲ್ಲ. ಉಂಟು ಅಂದ್ರೆ ಮಂಡಿ ಗಿಂಡಿ ಎಲ್ಲ ಬದಿಗಿಟ್ಟು ಅಲ್ಲಿಗೇ ಹೋಗಿ, ಕೋಟಿತೀರ್ಥದ ಹತ್ತಿರ ಕೂತ್ರೂ ಅವರಿಗೆ ತೃಪ್ತಿ ಆಗ್ತದೆ, ಓಂ ಬೀಚ್ ಬಿಟ್ಟುಬಿಡಿ, ಬದಲಿಗೆ ಅಘನಾಶಿನಿ ಬದಿಯ ಮಿರ್ಜಾನ್ ಕೋಟೆಗೆ ಹೋಗಿ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯದ್ದು. ಯಾಣ ಈ ಸಲ ಬೇಡ, ಅಲ್ಲೂ ಮೆಟ್ಟಿಲು.

ಎಲ್ಲಿಗೇ ಆದ್ರೂ ಟಿಕೆಟ್ ಬೇಗ ನೋಡಿ, ಈಗ ರೈಲಲ್ಲಿ 60 ದಿನ ಮುಂಚೆ ಮಾತ್ರ ಬುಕಿಂಗ್ ತೆರೀತದೆ, ಕ್ರಿಸ್ಮಸ್ ವಾರದ್ದು ಬೇಗ ಖಾಲಿ ಆಗ್ತದೆ. ಬುಕ್ ಮಾಡುವಾಗ ಅಮ್ಮನ ವಯಸ್ಸು ಸರಿಯಾಗಿ ಹಾಕಿ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಉಂಟು.