ವಿಕೋಪದ ಬೆನ್ನಲ್ಲೇ ಕ್ರೀಡಾಕೂಟ ಸರಿಯೇ?

ಪ್ರಶ್ನೆ: ನೈಸರ್ಗಿಕ ವಿಕೋಪಕ್ಕೆ ತುತ್ತಾದ ನಗರದಲ್ಲಿ ಕೆಲವೇ ದಿನಗಳಲ್ಲಿ ದೊಡ್ಡ ಕ್ರೀಡಾಕೂಟ ನಡೆಸಿದರೆ ಜನರ ಮನೋಬಲ ಹೆಚ್ಚುತ್ತದೆ ಎನ್ನುತ್ತಾರೆ. ತಾವು ಒಪ್ಪುವಿರಾ?

ಉತ್ತರ: ಅಷ್ಟು ಬೇಗನೆ ನಡೆಸುವುದನ್ನು ನಾನು ಒಪ್ಪುವುದಿಲ್ಲ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ, ನವೆಂಬರ್ 4ಕ್ಕೆ ನಿಗದಿಯಾಗಿದ್ದ ನ್ಯೂಯಾರ್ಕ್ ಮ್ಯಾರಥಾನನ್ನು ನಡೆಸಿಯೇ ತೀರುವುದಾಗಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಮೊದಲು ಹೇಳಿದ್ದರು. ಆದರೆ ಓಟ ಆರಂಭವಾಗಬೇಕಿದ್ದ ಸ್ಟೇಟನ್ ಐಲೆಂಡ್‌ನಲ್ಲಿ ಜನರು ಇನ್ನೂ ತಮ್ಮವರ ಸಾವಿನ ದುಃಖದಲ್ಲಿದ್ದರು. ಸಾವಿರಾರು ಮನೆಗಳಿಗೆ ವಿದ್ಯುತ್ ಇಲ್ಲದಿರುವಾಗ ಸೆಂಟ್ರಲ್ ಪಾರ್ಕ್‌ನಲ್ಲಿ ಓಟದ ಡೇರೆಗಳಿಗಾಗಿ ಜನರೇಟರ್‌ಗಳು ಬಂದು ನಿಂತದ್ದು ಅವರ ಆಕ್ರೋಶವನ್ನು ಕೆರಳಿಸಿತು. ಆ ಆಕ್ರೋಶ ಸಂಪೂರ್ಣ ನ್ಯಾಯವಾದದ್ದೇ. ಕೊನೆಗೆ ನವೆಂಬರ್ 2ರಂದು ಓಟ ರದ್ದಾಯಿತು. ಅಷ್ಟರಲ್ಲಿ ನ್ಯೂಯಾರ್ಕ್‌ಗೆ ಬಂದು ಸೇರಿದ್ದ ಓಟಗಾರರಿಗೂ ಅನ್ಯಾಯವಾಯಿತು, ಆದರೂ ಅವರಲ್ಲಿ ಹಲವರು ಸ್ಟೇಟನ್ ಐಲೆಂಡ್‌ಗೆ ಹೋಗಿ ಪರಿಹಾರ ಕಾರ್ಯದಲ್ಲಿ ಕೈಜೋಡಿಸಿದರು.

ಪೊಲೀಸರು, ಆಂಬುಲೆನ್ಸ್, ಕುಡಿಯುವ ನೀರು, ತಂಗಲು ಕೊಠಡಿ ಇವೆಲ್ಲ ಕೂಟಕ್ಕೂ ಬೇಕು, ಸಂತ್ರಸ್ತರಿಗೂ ಬೇಕು. ಪರಿಹಾರ ಕಾರ್ಯಕ್ಕೆ ಇವುಗಳ ಕೊರತೆ ಇರುವವರೆಗೆ ಕೂಟವನ್ನು ಮುಂದೂಡಬೇಕು ಅಥವಾ ಸ್ಥಳಾಂತರಿಸಬೇಕು. 2011ರ ಫೆಬ್ರುವರಿಯ ಭೂಕಂಪದ ನಂತರ ನ್ಯೂಜಿಲೆಂಡ್ ದೇಶವು ಕ್ರೈಸ್ಟ್‌ಚರ್ಚ್ ನಗರದ ರಗ್ಬಿ ವಿಶ್ವಕಪ್ ಪಂದ್ಯಗಳನ್ನು ಬೇರೆ ನಗರಗಳಿಗೆ ವರ್ಗಾಯಿಸಿ, ಟೂರ್ನಿಯನ್ನು ಅದೇ ವರ್ಷ ತನ್ನ ನೆಲದಲ್ಲೇ ನಡೆಸಿತು.